ಮಳೆಮಾಪಕ ಹೇಳದ ಹನಿಯ ಲೆಕ್ಕ

ವಿಟ್ಲ ಸೀಮೆಯಲ್ಲಿ ಮಳೆಯ ಲೆಕ್ಕ ಇಡುವವರಿಗೆ ಕೊರತೆಯಿಲ್ಲ. ಅಂಗಳದ ಬದಿಯಲ್ಲಿ ಮಳೆಮಾಪಕ ನೆಟ್ಟು, ಬೆಳಿಗ್ಗೆ ಎದ್ದವರೇ ಅಳೆದು ಡೈರಿಗೆ ಬರೆದು, ವಾಟ್ಸಾಪ್ ಗುಂಪಿಗೂ ಹಾಕುವ ಅಡಿಕೆ ಕೃಷಿಕರು ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಹೋದ ವರ್ಷಕ್ಕಿಂತ ಈ ಸಲ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಮದುವೆ ಊಟದ ಪಂಕ್ತಿಯಲ್ಲೂ ನಡೆಯುತ್ತದೆ. ಸರಕಾರದ ಕಡೆಯಿಂದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದವರೆಗೂ ಸ್ವಯಂಚಾಲಿತ ಮಾಪಕಗಳನ್ನು ಇಟ್ಟಿದೆ. ವರ್ಷಕ್ಕೆ ಸುಮಾರು ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ನಾಡಿನಲ್ಲಿ ಈ ಶ್ರದ್ಧೆ ಸಹಜ. ಆದರೆ ಇಷ್ಟೆಲ್ಲ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ. ಬಿದ್ದ ನೀರು ಎಷ್ಟು ಎಂದು ಮಾಪಕ ಹೇಳುತ್ತದೆ, ಎಂಥ ಹನಿಗಳಾಗಿ ಬಿತ್ತು ಎಂದು ಹೇಳುವುದಿಲ್ಲ. ಮಣ್ಣು ಕೊಚ್ಚಿಹೋಗುವುದು, ಅಡಿಕೆಯ ಕೊಳೆರೋಗ ಹಬ್ಬುವುದು, ಕೊನೆಗೆ ರಾಡಾರಿನ ಮಳೆ ಅಂದಾಜು ತಪ್ಪುವುದು, ಇವುಗಳಿಗೆಲ್ಲ ಮಿಲಿಮೀಟರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಹನಿಯ ಗಾತ್ರ ಕಾರಣ ಎಂಬುದು ನನ್ನ ವಾದ. ಆ ಗಾತ್ರಕ್ಕೆ ಒಂದು ಮೇಲಿನ ಮಿತಿ ಯಾಕಿದೆ, ದೂರದಿಂದ ಅದನ್ನು ಗುರುತಿಸುವುದು ಹೇಗೆ ಎಂದು ತಿಳಿಯಬೇಕಾದರೆ ಹನಿಯ ಆಕಾರದಿಂದಲೇ ಶುರುಮಾಡಬೇಕು.

ಮೇಲೆ ಚೂಪು, ಕೆಳಗೆ ಗುಂಡು: ಶಾಲೆಯ ಪುಸ್ತಕದಿಂದ ಹಿಡಿದು ಫೋನಿನ ಹವಾಮಾನ ಚಿಹ್ನೆಯವರೆಗೆ ಮಳೆಹನಿ ಎಂದರೆ ಇದೇ ಚಿತ್ರ. ಬೀಳುವ ಯಾವ ಹನಿಯೂ ಹಾಗಿಲ್ಲ. ನೀರಿನ ಮೇಲ್ಮೈಗೆ ಒಂದು ಎಳೆತವಿದೆ. ಅದು ಹನಿಯನ್ನು ಸುತ್ತಲಿಂದ ಬಿಗಿದು, ಇದ್ದಷ್ಟು ನೀರನ್ನು ಅತಿ ಕಡಿಮೆ ಹೊರಮೈಯಲ್ಲಿ ಹಿಡಿದಿಡಲು ನೋಡುತ್ತದೆ. ಅತಿ ಕಡಿಮೆ ಹೊರಮೈ ಇರುವ ಆಕಾರ ಗೋಳ. ಹಾಗಾಗಿ ಒಂದು ಮಿಲಿಮೀಟರ್ ಅಡ್ಡಳತೆಯ ಹನಿ ಹೆಚ್ಚುಕಡಿಮೆ ಪೂರ್ತಿ ಗುಂಡಗಿರುತ್ತದೆ. ದೊಡ್ಡದಾದಂತೆ ಬೀಳುವ ವೇಗ ಏರುತ್ತದೆ, ಕೆಳಗಿನಿಂದ ಎದುರಾಗುವ ಗಾಳಿಯ ಒತ್ತಡವೂ ಏರುತ್ತದೆ, ಹನಿಯ ತಳ ಚಪ್ಪಟೆಯಾಗತೊಡಗುತ್ತದೆ. ಎರಡು ಮಿಲಿಮೀಟರಿನ ಹನಿಯಲ್ಲಿ ಎತ್ತರವು ಅಗಲದ ನೂರಕ್ಕೆ 93ರಷ್ಟು. ಐದು ಮಿಲಿಮೀಟರಿಗೆ ಬಂದರೆ ಬರೀ 70ರ ಆಸುಪಾಸು. ಮೇಲೆ ಗುಮ್ಮಟ, ಕೆಳಗೆ ಸಪಾಟು: ಬೇಕರಿಯ ಬನ್ನನ್ನು ನೆನೆದರೆ ಸಾಕು. ಪುಸ್ತಕದ ಚಿತ್ರ ಎಲ್ಲಿ ಚೂಪು ಮಾಡುತ್ತದೋ ಅಲ್ಲಿ ನಿಜವಾದ ಹನಿ ಗುಂಡಗಿದೆ, ಎಲ್ಲಿ ಗುಂಡಗೆ ಬರೆಯುತ್ತದೋ ಅಲ್ಲಿ ಚಪ್ಪಟೆ.

ಇದನ್ನು ನಂಬಿಕೆಗೆ ಬಿಡಬೇಕಾಗಿಲ್ಲ. ಪಿಯುಸಿಯ ಭೌತಶಾಸ್ತ್ರ ಸಾಕು. ಮೇಲ್ಮೈ ಎಳೆತದಿಂದ ಹನಿಯ ಒಳಗೆ ಹುಟ್ಟುವ ಹೆಚ್ಚುವರಿ ಒತ್ತಡ ಹನಿ ಸಣ್ಣದಾದಷ್ಟೂ ಜಾಸ್ತಿ. ಒಂದು ಮಿಲಿಮೀಟರ್ ಹನಿಗೆ ಅದು ಸುಮಾರು 290 ಪಾಸ್ಕಲ್. ಆ ಹನಿ ಬೀಳುವ ವೇಗ ಸೆಕೆಂಡಿಗೆ 4 ಮೀಟರ್. ಆ ವೇಗಕ್ಕೆ ಎದುರು ಗಾಳಿ ಕೊಡುವ ಒತ್ತಡ 10 ಪಾಸ್ಕಲ್ ಕೂಡ ಆಗುವುದಿಲ್ಲ. ಮೂವತ್ತಕ್ಕೆ ಒಂದರ ಜಗಳದಲ್ಲಿ ಗಾಳಿಗೆ ಏನು ನಡೆದೀತು? ಐದು ಮಿಲಿಮೀಟರ್ ಹನಿಯಲ್ಲಿ ಒಳಗಿನ ಬಿಗಿತ 58 ಪಾಸ್ಕಲಿಗೆ ಇಳಿದಿರುತ್ತದೆ, ವೇಗ ಸೆಕೆಂಡಿಗೆ 9 ಮೀಟರಿಗೆ ಏರಿರುತ್ತದೆ, ಎದುರು ಗಾಳಿಯ ಒತ್ತಡ 50ರ ಹತ್ತಿರ ಬಂದಿರುತ್ತದೆ. ಇಬ್ಬರೂ ಸರಿಸಮ. ಇನ್ನು ಸ್ವಲ್ಪ ದೊಡ್ಡದಾದರೆ ತಳ ಒಳಕ್ಕೆ ತಗ್ಗಿ, ಇಡೀ ಹನಿ ಗಾಳಿ ತುಂಬಿದ ತೆಳು ಚೀಲದಂತೆ ಉಬ್ಬಿ ಒಡೆದು ಚೂರಾಗುತ್ತದೆ. ಆರು ಮಿಲಿಮೀಟರ್ ದಾಟಿದ ಹನಿಗಳು ನೆಲಕ್ಕೆ ಬರುವುದು ಅಪರೂಪ. ಬ್ರೆಜಿಲಿನಲ್ಲೂ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಹತ್ತಿರವೂ ವಿಮಾನದ ಉಪಕರಣಗಳು ಎಂಟರಿಂದ ಹತ್ತು ಮಿಲಿಮೀಟರ್ ಹನಿಗಳನ್ನು ಕಂಡದ್ದುಂಟು, ಆದರೆ ಅವು ಸುದ್ದಿಯಾಗುವಷ್ಟು ವಿರಳ.

ಹನಿ ಚೂಪಲ್ಲ ಎಂಬ ಮಾತಿಗೆ ಸಾಮಾನ್ಯವಾಗಿ ಬರುವ ಮೊದಲ ಆಕ್ಷೇಪ, ನಲ್ಲಿಯ ತುದಿಯಲ್ಲಿ ಬಾಲವಿರುವ ಹನಿಯನ್ನು ಕಣ್ಣಾರೆ ಕಾಣುತ್ತೇವಲ್ಲ ಎಂಬುದು. ಕಾಣುತ್ತೇವೆ, ನಿಜ. ಆದರೆ ಅದು ಇನ್ನೂ ನಲ್ಲಿಯನ್ನು ಬಿಡದ ಹನಿ. ಕಳಚಿದ ಕೂಡಲೇ ಆ ಬಾಲವನ್ನು ಮೇಲ್ಮೈ ಎಳೆತ ಒಳಕ್ಕೆ ಎಳೆದುಕೊಳ್ಳುತ್ತದೆ. ಆಕಾಶದಿಂದ ಬರುವ ಹನಿಗೆ ಹಿಡಿದು ನಿಲ್ಲಲು ನಲ್ಲಿಯೇ ಇಲ್ಲ. ಮಳೆಯಲ್ಲಿ ಉದ್ದ ಗೆರೆಗಳು ಕಾಣುವುದು ನಮ್ಮ ಕಣ್ಣಿನ ಮಿತಿ: ಸೆಕೆಂಡಿನ ಮೂವತ್ತನೇ ಒಂದು ಪಾಲಿನಲ್ಲಿ ದೊಡ್ಡ ಹನಿ ಒಂದು ಅಡಿ ಇಳಿದಿರುತ್ತದೆ. ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೀಳುವ ಹನಿ ಸದಾ ಅದುರುತ್ತಿರುತ್ತದೆ. ಐದು ಮಿಲಿಮೀಟರ್ ಹನಿ ಸೆಕೆಂಡಿಗೆ ಸುಮಾರು ಮೂವತ್ತು ಸಲ ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿ ಕುಗ್ಗುತ್ತದೆ. ಹಾಗಿದ್ದರೆ ಅದಕ್ಕೊಂದು ಆಕಾರ ಇದೆ ಎನ್ನುವುದೇ ತಪ್ಪಲ್ಲವೇ? ಒಂದೇ ಹನಿಯ ಒಂದೇ ಕ್ಷಣದ ಫೋಟೊ ತೆಗೆದರೆ ಈ ಮಾತು ಸರಿ. ಆದರೆ ಅದುರುವಿಕೆ ಯಾವ ಆಕಾರದ ಸುತ್ತ ನಡೆಯುತ್ತದೆ ಎಂಬುದು ಗಾತ್ರದಿಂದ ನಿರ್ಧಾರವಾಗುತ್ತದೆ. ಕೋಟ್ಯಂತರ ಹನಿಗಳ ಸರಾಸರಿಯಲ್ಲಿ ಚಪ್ಪಟೆತನ ಅಳಿಸಿಹೋಗದೆ ಉಳಿಯುತ್ತದೆ. ಅಳಿಸಿಹೋಗುವಂತಿದ್ದರೆ ಮುಂದೆ ಹೇಳುವ ರಾಡಾರ್ ತಂತ್ರ ಕೆಲಸವನ್ನೇ ಮಾಡುತ್ತಿರಲಿಲ್ಲ.

ಹನಿಗಳನ್ನು ಮೊದಲು ಹತ್ತಿರದಿಂದ ನೋಡಿದವರಲ್ಲಿ ಜರ್ಮನಿಯ ಫಿಲಿಪ್ ಲೆನಾರ್ಡ್ ಒಬ್ಬ. ಕೆಳಗಿನಿಂದ ಮೇಲಕ್ಕೆ ಗಾಳಿ ಊದುವ ಸಾಧನದಲ್ಲಿ ಹನಿಗಳನ್ನು ತೇಲಿಸಿ, ದೊಡ್ಡವು ಹೇಗೆ ಚಪ್ಪಟೆಯಾಗಿ ಒಡೆಯುತ್ತವೆ ಎಂದು 1904ರಲ್ಲೇ ಬರೆದ. ಮರುವರ್ಷ ಅವನಿಗೆ ನೊಬೆಲ್ ಬಂತು, ಮಳೆಗಲ್ಲ, ಕ್ಯಾಥೋಡ್ ಕಿರಣಗಳಿಗೆ. 1954ರಲ್ಲಿ ಅಮೆರಿಕದ ಜೇಮ್ಸ್ ಮೆಕ್‌ಡೊನಾಲ್ಡ್, ಹನಿಯ ಆಕಾರವನ್ನು ಮೇಲ್ಮೈ ಎಳೆತ, ಒಳಗಿನ ನೀರಿನ ಭಾರ, ಹೊರಗಿನ ಗಾಳಿ ಈ ಮೂರರ ಸಮತೋಲನವಾಗಿ ವಿವರಿಸಿದರು. 2009ರಲ್ಲಿ ಫ್ರಾನ್ಸಿನ ವಿಲ್ಲರ್ಮೋ ಮತ್ತು ಬೊಸ್ಸಾ, ಮಳೆಯಲ್ಲಿ ಇಷ್ಟೊಂದು ಗಾತ್ರದ ಹನಿಗಳು ಕಲಸಿಕೊಂಡಿರುವುದಕ್ಕೆ ಒಂಟಿ ಹನಿಗಳು ಹೀಗೆ ಚೀಲದಂತೆ ಉಬ್ಬಿ ಒಡೆಯುವುದೇ ಸಾಕಷ್ಟು ಕಾರಣ ಎಂದು ವಾದಿಸಿದರು. ಹನಿಗಳು ದಾರಿಯಲ್ಲಿ ಪರಸ್ಪರ ಡಿಕ್ಕಿಯಾಗಿ ಕೂಡುವುದೂ ಒಡೆಯುವುದೂ ಮುಖ್ಯ ಎನ್ನುವ ಹಳೆಯ ಪಕ್ಷ ಸೋತಿಲ್ಲ. ಕಾರಣ ಯಾವುದಾದರೂ ಇರಲಿ, ನಮ್ಮ ವಾದಕ್ಕೆ ಬೇಕಾದದ್ದು ಇಷ್ಟು: ಐದಾರು ಮಿಲಿಮೀಟರಿನ ಒಳಗೇ ಮಳೆಯ ಎಲ್ಲ ಸ್ವಭಾವವೂ ಅಡಗಿದೆ.

ಆ ಸಣ್ಣ ವ್ಯಾಪ್ತಿಯಲ್ಲೇ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ರಾಡಾರಿನವರಿಗೆ ಚೆನ್ನಾಗಿ ಗೊತ್ತು. ರಾಡಾರ್ ಕಳಿಸಿದ ಅಲೆಯನ್ನು ಹನಿ ಹಿಂದಕ್ಕೆ ಚದುರಿಸುವ ಪ್ರಮಾಣ ಅದರ ಅಡ್ಡಳತೆಯ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಮೂರು ಮಿಲಿಮೀಟರಿನ ಒಂದು ಹನಿ, ಒಂದು ಮಿಲಿಮೀಟರಿನ 729 ಹನಿಗಳಷ್ಟು ಪ್ರತಿಧ್ವನಿ ಕೊಡುತ್ತದೆ. ಅದರಲ್ಲಿರುವ ನೀರು ಮಾತ್ರ 27 ಹನಿಗಳಷ್ಟು. ಹಾಗಾದರೆ ಪರದೆಯ ಮೇಲೆ ಕೆಂಪಗೆ ಕಂಡ ಮೋಡ ಭಾರಿ ಮಳೆಯೋ, ಕೆಲವೇ ದಪ್ಪ ಹನಿಗಳ ಆಡಂಬರವೋ? ಈ ಗೊಂದಲ ಬಿಡಿಸಲು ಹನಿಯ ಚಪ್ಪಟೆತನವನ್ನೇ ಬಳಸಬಹುದೆಂದು 1976ರಲ್ಲಿ ತೋರಿಸಿದವರು ಥಾಮಸ್ ಸೆಲಿಗಾ ಮತ್ತು ಭಾರತ ಮೂಲದ ವಿ. ಎನ್. ಬ್ರಿಂಗಿ. ಅಡ್ಡಕ್ಕೆ ಕಂಪಿಸುವ ಅಲೆಯನ್ನೂ ಲಂಬವಾಗಿ ಕಂಪಿಸುವ ಅಲೆಯನ್ನೂ ಕಳಿಸಿ ನೋಡಬೇಕು. ಗುಂಡು ಹನಿ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ, ಚಪ್ಪಟೆ ಹನಿ ಅಡ್ಡ ಅಲೆಗೆ ಹೆಚ್ಚು ಉತ್ತರ ಕೊಡುತ್ತದೆ. ಎರಡರ ಅಂತರದಿಂದ ಹನಿಯ ಗಾತ್ರ ಗೊತ್ತಾಗುತ್ತದೆ. ಇಂದು ಜಗತ್ತಿನ ಹೊಸ ಹವಾಮಾನ ರಾಡಾರುಗಳು ನಡೆಯುವುದು ಈ ತತ್ವದ ಮೇಲೆ.

ನಮ್ಮ ಘಟ್ಟದ ಬುಡಕ್ಕೆ ಇದು ಇನ್ನಷ್ಟು ಮುಖ್ಯ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಹಾಬಲೇಶ್ವರದಲ್ಲಿ ಹನಿ ಅಳೆಯುವ ಉಪಕರಣ ಇಟ್ಟು ನೋಡಿದ್ದಾರೆ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಕಟ್ಟುವ ಮುಂಗಾರಿನ ಮೋಡಗಳು ಹೆಚ್ಚಾಗಿ ಕಡಿಮೆ ಎತ್ತರದವು. ಅವುಗಳಿಂದ ಬರುವುದು ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳು. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಹನಿಗಳ ಸಂಖ್ಯೆ ಕಡಿಮೆ, ಗಾತ್ರ ಹೆಚ್ಚು. ಚಾರ್ಮಾಡಿ, ಕುದುರೆಮುಖಗಳನ್ನು ಬೆನ್ನಿಗಿಟ್ಟುಕೊಂಡ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳದ ಮಳೆಗೂ ಇದೇ ಪರ್ವತಶ್ರೇಣಿಯ, ಇದೇ ಗಾಳಿಯ ನಿಯಮ. ಸಣ್ಣ ಹನಿಗಳ ಜಡಿಮಳೆ ರಾಡಾರಿಗೂ ಉಪಗ್ರಹಕ್ಕೂ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. 1948ರಲ್ಲಿ ಕೆನಡಾದ ಮಾರ್ಷಲ್ ಮತ್ತು ಪಾಮರ್ ಅಲ್ಲಿನ ಮಳೆ ನೋಡಿ ರೂಪಿಸಿದ ಹನಿಗಾತ್ರದ ಸೂತ್ರವನ್ನು ಹಾಗೇ ತಂದು ಇಲ್ಲಿ ಹಚ್ಚಿದರೆ ತುಳುವರ ಆಟಿ ತಿಂಗಳ ಮಳೆ ಲೆಕ್ಕಕ್ಕೆ ಸಿಗುವುದು ಕಷ್ಟ.

ಈಗ ತೋಟಕ್ಕೆ ಬರೋಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಆ ಲೀಟರ್ ಪೂರ್ತಿ ಒಂದು ಮಿಲಿಮೀಟರಿನ ಹನಿಗಳಾಗಿ ಬಿದ್ದರೆ ನೆಲಕ್ಕೆ ಮುಟ್ಟುವ ಶಕ್ತಿ 8 ಜೂಲ್. ಅದೇ ಲೀಟರ್ ಐದು ಮಿಲಿಮೀಟರ್ ಹನಿಗಳಾಗಿ ಬಿದ್ದರೆ 41 ಜೂಲ್. ಮಾಪಕದಲ್ಲಿ ಎರಡೂ ಒಂದೇ, ಮಣ್ಣಿಗೆ ಐದು ಪಟ್ಟು ಅಂತರ. ಏಪ್ರಿಲ್, ಮೇ ತಿಂಗಳ ಸಂಜೆಮಳೆ ಪ್ರಮಾಣದಲ್ಲಿ ಅಲ್ಪವಾದರೂ, ಹುಲ್ಲು ಒಣಗಿ ಬತ್ತಲಾದ ಕೆಂಪು ಮಣ್ಣಿನ ಮೇಲೆ ಅದು ಮಾಡುವ ಹೊಡೆತವನ್ನು ಮಿಲಿಮೀಟರಿನಿಂದ ಅಳೆಯಲಾಗದು. ಹೊಸದಾಗಿ ಜೆಸಿಬಿ ಹಾಕಿ ತಟ್ಟು ಮಾಡಿದ ಗುಡ್ಡದಲ್ಲಿ ಮೊದಲ ಮಳೆಗೇ ತೋಡು ಕೆಂಪಾಗುವುದು ಸುಮ್ಮನೆ ಅಲ್ಲ.

ಇಲ್ಲಿ ಬಲ್ಲವರೊಬ್ಬರು ಎತ್ತಬಹುದಾದ ತಕರಾರು ಹೀಗಿದೆ. ಮಳೆ ಬಿರುಸಾದಷ್ಟು ಹನಿ ದೊಡ್ಡದು ಎಂದು ಅಮೆರಿಕದ ಲಾಸ್ ಮತ್ತು ಪಾರ್ಸನ್ಸ್ 1943ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಗಂಟೆಗೆ ಎಷ್ಟು ಮಿಲಿಮೀಟರ್ ಎಂದು ಗೊತ್ತಾದರೆ ಸಾಕು, ಹನಿಯನ್ನು ಬೇರೆಯಾಗಿ ಎಣಿಸುವ ರಗಳೆ ಯಾಕೆ? ತಕರಾರಿನಲ್ಲಿ ಹುರುಳಿದೆ. ಆದರೆ ದಿನಕ್ಕೊಮ್ಮೆ ನೋಡುವ ಅಂಗಳದ ಮಾಪಕ ಗಂಟೆಯ ಬಿರುಸನ್ನೂ ಹೇಳುವುದಿಲ್ಲ. ಅಮೆರಿಕದ ಮಳೆಯಲ್ಲಿ ಕಂಡ ಬಿರುಸು-ಗಾತ್ರದ ಸಂಬಂಧ ಇಲ್ಲಿನ ತಗ್ಗು ಮೋಡಗಳಿಗೆ ಹಾಗೇ ಹೊಂದುವುದೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮರದ ಅಡಿಯಲ್ಲಿ ಆ ನಿಯಮವೇ ಕುಸಿದುಬೀಳುತ್ತದೆ. ಅಡಿಕೆ ಸೋಗೆಯ ತುದಿಯಲ್ಲಿ ಸಣ್ಣ ಹನಿಗಳು ಕೂಡಿಕೊಂಡು, ಭಾರ ತಾಳಲಾರದೆ ಕಳಚುವಾಗ ನಾಲ್ಕೈದು ಮಿಲಿಮೀಟರಿನ ಹನಿಯಾಗಿರುತ್ತವೆ. ಮೇಲೆ ಬರುತ್ತಿರುವುದು ತುಂತುರೇ ಆಗಲಿ ಜಡಿಮಳೆಯೇ ಆಗಲಿ, ಸೋಗೆಯಿಂದ ತೊಟ್ಟಿಕ್ಕುವ ಹನಿಯ ಗಾತ್ರ ಹೆಚ್ಚು ಬದಲಾಗುವುದಿಲ್ಲ. ಮಳೆ ನಿಂತ ಮೇಲೂ ಅದು ಬೀಳುತ್ತಲೇ ಇರುತ್ತದೆ. ಹತ್ತು ಮೀಟರ್ ಎತ್ತರದಿಂದ ಬಿದ್ದ ಐದು ಮಿಲಿಮೀಟರ್ ಹನಿ ತನ್ನ ಪೂರ್ಣ ವೇಗದ ನೂರಕ್ಕೆ 95 ಪಾಲನ್ನು ಗಳಿಸಿಬಿಟ್ಟಿರುತ್ತದೆ. ಹಳೆಯ ಅಡಿಕೆ ಮರಗಳ ಎತ್ತರ ಅದಕ್ಕೂ ಮೇಲೆ. ಅಂದರೆ ಎತ್ತರದ ಮರ ಮಳೆಯನ್ನು ಮೆತ್ತಗೆ ಮಾಡುತ್ತದೆ ಎಂಬ ನಂಬಿಕೆ ಅರ್ಧ ಸುಳ್ಳು. ಮುಂಗಾರಿನ ಸಣ್ಣ ಹನಿಗಳನ್ನು ಅದು ಗುಡುಗು ಮಳೆಯ ದಪ್ಪ ಹನಿಗಳನ್ನಾಗಿ ಮಾರ್ಪಡಿಸುತ್ತದೆ. ತೇಗದ ನೆಡುತೋಪುಗಳಲ್ಲಿ ಮರದಡಿಯ ನೆಲ ಬೋಳಾಗಿದ್ದರೆ ಸವೆತ ಜೋರಾಗುವುದನ್ನು ಅರಣ್ಯ ವಿಜ್ಞಾನಿಗಳು ಹಿಂದಿನಿಂದಲೂ ಗುರುತಿಸಿರುವುದು ಇದೇ ಕಾರಣಕ್ಕೆ.

ಕಾಂಡದ ಗುಂಟ ಇಳಿಯುವ ನೀರೂ ಇದೆ, ಸೋಗೆಯಲ್ಲೇ ಉಳಿದು ಆರಿಹೋಗುವ ನೀರೂ ಇದೆ. ಸುರಿದದ್ದೆಲ್ಲ ದಪ್ಪ ಹನಿಯಾಗುವುದಿಲ್ಲ. ಅದನ್ನು ಕಳೆದ ಮೇಲೂ ಉಳಿಯುವ ಲೆಕ್ಕ ಸಣ್ಣದಲ್ಲ. ಆದರೆ ಇದಕ್ಕೆ ಪರಿಹಾರವೂ ತೋಟದಲ್ಲೇ ಇದೆ. ಸೋಗೆಯ ಹನಿ ನೇರ ನೆಲಕ್ಕೆ ಬೀಳದೆ ಕೊಕ್ಕೋ ಎಲೆಗೆ ಬಿದ್ದು, ಅಲ್ಲಿಂದ ಮತ್ತೆ ತೊಟ್ಟಿಕ್ಕಿದರೆ ಮೂರು ಮೀಟರಿನಲ್ಲಿ ಅದು ಗಳಿಸುವ ವೇಗ ಸೆಕೆಂಡಿಗೆ ಆರೂವರೆ ಮೀಟರ್. ಹೊಡೆತದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವಿಟ್ಲದಲ್ಲಿ 1956ರಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು, 1970ರಿಂದ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯ ಭಾಗವಾದ ಸಂಸ್ಥೆ ಅಡಿಕೆಯ ನಡುವೆ ಕೊಕ್ಕೋ, ಬಾಳೆ, ಕಾಳುಮೆಣಸು ಬೆಳೆಯುವ ಪದ್ಧತಿಯನ್ನು ಬಹುಕಾಲ ಅಧ್ಯಯನ ಮಾಡಿದೆ. ಆ ಪದ್ಧತಿಯ ಹಿಂದೆ ಇದ್ದದ್ದು ಮುಖ್ಯವಾಗಿ ಆದಾಯ. ಹನಿಯ ಲೆಕ್ಕ ಅದಕ್ಕೆ ಇನ್ನೊಂದು ಕಾರಣ ಸೇರಿಸುತ್ತದೆ. ಬುಡಕ್ಕೆ ಸೊಪ್ಪು, ತರಗೆಲೆ ಹರಡುವುದಕ್ಕೂ ಹಾಗೇ. ಕಾಳುಮೆಣಸಿನ ಸೊರಗು ರೋಗ ತರುವ ಫೈಟಾಫ್ತರಾ ಎಂಬ ಸೂಕ್ಷ್ಮಜೀವಿ ಮಣ್ಣಿನಲ್ಲಿರುತ್ತದೆ. ದಪ್ಪ ಹನಿ ಬೋಳು ನೆಲಕ್ಕೆ ಅಪ್ಪಳಿಸಿದಾಗ ಸಿಡಿಯುವ ಕೆಸರಿನ ಜೊತೆ ಬಳ್ಳಿಯ ಕೆಳಗಿನ ಎಲೆಗಳಿಗೆ ಏರುತ್ತದೆ. ಸೊಪ್ಪಿನ ಹೊದಿಕೆ ಸಿಡಿತವನ್ನು ಅಲ್ಲಿಯೇ ತಡೆಯುತ್ತದೆ. ಕೊಕ್ಕೋಗೂ ಅದೇ ಕುಲದ ಜೀವಿಯಿಂದ ಕಾಯಿ ಕಪ್ಪಾಗುವ ರೋಗ ಬರುತ್ತದೆ ಎಂಬುದನ್ನು ಮರೆಯಬಾರದು. ಮಣ್ಣಿಗೆ ಲಾಭ ಎಂದ ಮಾತ್ರಕ್ಕೆ ಕಾಯಿಗೂ ಲಾಭ ಎನ್ನಲಾಗದು.

ದಪ್ಪ ಹನಿಯಷ್ಟೇ ಅಪಾಯ, ಸಣ್ಣದು ಸಾಧು ಎಂದು ಇಷ್ಟರಿಂದ ತೀರ್ಮಾನಿಸಿದರೆ ಕೊಳೆರೋಗ ನಗುತ್ತದೆ. ಮೈಸೂರು ಸರಕಾರದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೇಲೆ ವಿವರವಾಗಿ ಬರೆದು, ಕಾರಣ ಫೈಟಾಫ್ತರಾ ಎಂದು ತೋರಿಸಿ, ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಿದರು. ಮೈಲುತುತ್ತು, ಸುಣ್ಣ ಒಂದೊಂದು ಕಿಲೋ, ನೀರು ನೂರು ಲೀಟರ್: ಇಂದಿಗೂ ಮದ್ದು ಬಿಡುವುದು ಎಂದರೆ ಇದೇ. ರೋಗಕ್ಕೆ ಬೇಕಾದದ್ದು 20ರಿಂದ 23 ಡಿಗ್ರಿಯ ತಂಪು, ತೊಂಬತ್ತು ದಾಟಿದ ತೇವಾಂಶ, ನಡುನಡುವೆ ಬಿಸಿಲು ಇಣುಕುವ ಎಡೆಬಿಡದ ಮಳೆ. ಕಾಯಿಯ ಮೇಲೆ ನೀರಿನ ಪದರ ಒಣಗದೆ ಇರಬೇಕು. ಗೊನೆ ಇರುವುದು ಸೋಗೆಗಳ ಕೆಳಗೆ. ನೇರ ಬರುವ ದಪ್ಪ ಹನಿಗೆ ಸೋಗೆ ಒಂದಿಷ್ಟು ಅಡ್ಡವಾದೀತು. ಆದರೆ ಅರ್ಧ ಮಿಲಿಮೀಟರ್ ಹನಿ ಬೀಳುವ ವೇಗ ಸೆಕೆಂಡಿಗೆ ಎರಡೇ ಮೀಟರ್. ಸೆಕೆಂಡಿಗೆ ನಾಲ್ಕು ಮೀಟರಿನ ಗಾಳಿ ಬೀಸಿದರೆ ಅದು ಒಂದು ಮೀಟರ್ ಇಳಿಯುವಷ್ಟರಲ್ಲಿ ಎರಡು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅಂಥ ಹನಿಗೆ ಸೋಗೆ ಕೊಡೆಯಾಗಲಾರದು, ಎಲ್ಲ ಕಡೆಯಿಂದಲೂ ಬಂದು ಗೊನೆಯನ್ನು ನೆನೆಸುತ್ತದೆ. ನೆಲದಿಂದ ಸಿಡಿದ ಹನಿ ಅಷ್ಟು ಎತ್ತರ ಏರುವುದಿಲ್ಲವಾದ್ದರಿಂದ ಸೋಂಕು ಹಬ್ಬುವುದು ಮೇಲೇ ಉಳಿದ ಕೊಳೆತ ಗೊನೆಗಳಿಂದ, ಗಾಳಿಮಳೆಯ ಜೊತೆ. ಹೀಗಾಗಿ 100 ಮಿಲಿಮೀಟರ್ ಮಳೆ ಎರಡು ಗಂಟೆಯಲ್ಲಿ ಸುರಿದು ಬಿಸಿಲು ಬಂದ ದಿನಕ್ಕಿಂತ, 40 ಮಿಲಿಮೀಟರ್ ದಿನವಿಡೀ ಜಿನುಗಿದ ದಿನ ಅಡಿಕೆಗೆ ಕೆಟ್ಟದ್ದಾಗಬಹುದು. ಡೈರಿಯಲ್ಲಿ ಮಾತ್ರ ಮೊದಲನೆಯ ದಿನಕ್ಕೇ ಕೆಂಪು ಗೆರೆ.

ಹನಿಯ ಗಾತ್ರ ಅಳೆಯುವ ವಿದ್ಯುನ್ಮಾನ ಉಪಕರಣದ ಬೆಲೆ ಕೃಷಿಕನ ಕೈಗೆ ಎಟುಕುವಂಥದ್ದಲ್ಲ. ಆದರೆ 1904ರಲ್ಲಿ ಅಮೆರಿಕದ ವರ್ಮಾಂಟಿನ ವಿಲ್ಸನ್ ಬೆಂಟ್ಲೆ, ಅವನೂ ಕೃಷಿಕನೇ, ಹಿಟ್ಟಿನ ತಟ್ಟೆಯಿಂದ ಇದನ್ನು ಮಾಡಿ ತೋರಿಸಿದ್ದಾನೆ. ತಟ್ಟೆಯಲ್ಲಿ ಒಂದಂಗುಲ ಮೈದಾ ಸಡಿಲವಾಗಿ ತುಂಬಿ, ಮಳೆಗೆ ಕೆಲವೇ ಸೆಕೆಂಡು ಒಡ್ಡಿ ಒಳಗೆ ತರಬೇಕು. ಪ್ರತಿ ಹನಿಯೂ ಒಂದೊಂದು ಉಂಡೆಯಾಗಿರುತ್ತದೆ. ಒಣಗಿಸಿ, ಜರಡಿ ಹಿಡಿದು, ಗಾತ್ರದ ಪ್ರಕಾರ ಎಣಿಸಬಹುದು. ಉಂಡೆಯ ಗಾತ್ರವೇ ಹನಿಯ ಗಾತ್ರವಲ್ಲ. ಅದಕ್ಕಾಗಿ ಇಂಜೆಕ್ಷನ್ ಸಿರಿಂಜಿನಿಂದ ನೂರು ಹನಿ ಬೀಳಿಸಿ ತೂಗಿ ಒಂದರ ಗಾತ್ರ ಕಂಡುಕೊಂಡು, ಅದೇ ಸೂಜಿಯ ಹನಿಗಳನ್ನು ಮೈದಾಕ್ಕೆ ಬೀಳಿಸಿ ಹೋಲಿಸಬೇಕು. ದಪ್ಪ, ಸಪುರ ಎರಡು ಮೂರು ಸೂಜಿಗಳಲ್ಲಿ ಮಾಡಿದರೆ ಅಳತೆಪಟ್ಟಿ ಸಿದ್ಧ. ಅಂಗಳದಲ್ಲೊಂದು ತಟ್ಟೆ, ಅಡಿಕೆ ಮರದಡಿ ಒಂದು, ಕೊಕ್ಕೋ ಅಡಿಯಲ್ಲಿ ಮತ್ತೊಂದು ಹಿಡಿದರೆ ಮೇಲೆ ಹೇಳಿದ ಲೆಕ್ಕ ಎಷ್ಟು ಸರಿ ಎಂದು ಒಂದೇ ಮಳೆಯಲ್ಲಿ ಪರೀಕ್ಷಿಸಬಹುದು. ಊರಿನ ಹೈಸ್ಕೂಲು ಮಕ್ಕಳ ವಿಜ್ಞಾನ ಮೇಳಕ್ಕೂ, ಪುಸ್ತಕದ ಚೂಪು ಹನಿಯನ್ನು ನಕಲು ಮಾಡಿ ತೂಗುಹಾಕುವ ಚಾರ್ಟಿಗಿಂತ ಇದು ವಾಸಿ.